ಶಲ್ಕ ಕೀಟದೊಳಗಿನ ಪುಟ್ಟ ಕಣಜ: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡದ ರಸ ಹೀರುವ ಶಲ್ಕ ಕೀಟದ ಮೇಲೋ ಒಳಗೋ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜಗಳ ಬಗ್ಗೆ ಬೆಂಗಳೂರಿನ ತಾರಸಿ ತೋಟದವರು, ಊರಾಚೆಯ ಹಣ್ಣಿನ ತೋಟದವರು, ಕೀಟಗಳ ಬೆನ್ನು ಹತ್ತಿದ ವಿದ್ಯಾರ್ಥಿಗಳು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇವೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ, ಕಣಜ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಯೊಂದನ್ನಾದರೂ ಓದಿ. ಸ್ಪ್ರೇ ಪಂಪಿಗೆ ಕೈ ಹಾಕುವುದು ಆಮೇಲೆ ಇದ್ದೇ ಇದೆ.

## ಮೊದಲ ಪರಿಚಯ

ದಾಸವಾಳದ ಕಡ್ಡಿಗೆ ಹುರುಪೆ ಥರ ಏನೋ ಅಂಟಿಕೊಂಡಿದೆ. ಉಗುರಲ್ಲಿ ಕೆರೆದರೆ ಎದ್ದು ಬರುತ್ತೆ. ಇದು ಹುಳವಾ, ರೋಗವಾ?

ಹುಳವೇ. ಶಲ್ಕ ಕೀಟ ಎನ್ನುತ್ತಾರೆ. ಮೊಟ್ಟೆಯೊಡೆದ ಮರಿ ಒಂದೆರಡು ದಿನ ತೆವಳಾಡಿ, ಸರಿಯಾದ ಜಾಗ ಸಿಕ್ಕ ಮೇಲೆ ಸೂಜಿಯಂಥ ಬಾಯನ್ನು ಗಿಡಕ್ಕೆ ಚುಚ್ಚಿ ಕೂರುತ್ತದೆ. ಬಹುಪಾಲು ಹೆಣ್ಣುಗಳು ಅಲ್ಲಿಂದ ಮತ್ತೆ ಕದಲುವುದಿಲ್ಲ. ಗಂಡಿಗೆ ರೆಕ್ಕೆ ಬಂದರೂ ಅದರ ಆಯಸ್ಸು ಒಂದೆರಡು ದಿನ ಮಾತ್ರ.

ನಿಮ್ಮ ಗಿಡದಲ್ಲಿರುವುದು ಯಾವ ಬಗೆ ಎಂದು ಗುಂಡುಪಿನ್ನಿನಿಂದ ತಿಳಿಯಬಹುದು. ಚಿಪ್ಪು ಮುಚ್ಚಳದ ಹಾಗೆ ಬೇರೆಯಾಗಿ ಎದ್ದು, ಕೆಳಗೆ ಹಳದಿ ಬಣ್ಣದ ಮೆತ್ತನೆಯ ಮೈ ಕಂಡರೆ ಅದು ಗಟ್ಟಿ ಚಿಪ್ಪಿನದು. ನಿಂಬೆ, ಗುಲಾಬಿಗಳಲ್ಲಿ ಹೆಚ್ಚು. ಇದು ಸಿಹಿ ಅಂಟು ಸುರಿಸುವುದಿಲ್ಲ. ಚಿಪ್ಪು ಮೈಯಿಂದ ಬಿಡದೆ ಇಡೀ ಹುಳವೇ ಎದ್ದು ಬಂದರೆ ಮೆತ್ತನೆ ಚಿಪ್ಪಿನದು. ಸೀಬೆ, ಕಾಫಿ, ಸಪೋಟದ ಎಲೆಗೆ ಅಂಟು ಸುರಿಸುವುದು ಇದೇ. ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ, ಇರುವೆ ಸಾಲುಗಟ್ಟುತ್ತದೆ. ಹತ್ತಿ ಉದುರಿಸಿದಂತೆ ಬೆಳ್ಳಗೆ ಕಾಣುವ ಹಿಟ್ಟು ತಿಗಣೆಯೂ ಇದೇ ಕುಲದ್ದು.

ಕಣಜ ಅಂದ್ರೆ ಕಚ್ಚಲ್ವಾ? ಮನೇಲಿ ಚಿಕ್ಕ ಮಕ್ಕಳಿದ್ದಾರೆ.

ಇಲ್ಲ. ಇವುಗಳ ಮೈ ಉದ್ದ ಹೆಚ್ಚಿನವಕ್ಕೆ ಅರ್ಧದಿಂದ ಎರಡು ಮಿಲಿಮೀಟರ್, ಅಂದರೆ ಸಾಸಿವೆ ಕಾಳಿಗಿಂತಲೂ ಚಿಕ್ಕವು. ಗೂಡು ಕಟ್ಟುವುದಿಲ್ಲ, ಗುಂಪಾಗಿ ಮೇಲೆರಗುವುದಿಲ್ಲ. ಮೊಟ್ಟೆ ಇಡುವ ಸೂಜಿಯೊಂದಿದೆ, ಅದು ನಮ್ಮ ಚರ್ಮಕ್ಕೆ ಇಳಿಯುವಂಥದ್ದಲ್ಲ. ಕಣ್ಣೆದುರು ಹಾರಿದರೂ ಧೂಳಿನ ಕಣ ಅಂದುಕೊಳ್ಳುತ್ತೀರಿ.

ಇಷ್ಟು ಚಿಕ್ಕದು, ಚಿಪ್ಪಿನೊಳಗಿರೋ ಹುಳನ ಹೇಗೆ ಕೊಲ್ಲುತ್ತೆ?

ಹೆಣ್ಣು ಕಣಜ ಚಿಪ್ಪಿನ ಮೇಲೆ ಹತ್ತಿ, ಮೀಸೆಯಿಂದ ತಟ್ಟುತ್ತಾ ಅಂಚಿನಿಂದ ಅಂಚಿಗೆ ನಡೆದು ಅಳೆಯುತ್ತದೆ. ಹುಳ ಎಷ್ಟು ದೊಡ್ಡದು, ಬೇರೆ ಕಣಜ ಮೊದಲೇ ಬಂದು ಹೋಗಿದೆಯೇ ಎಂದು ನೋಡಿಕೊಂಡು ಹಿಂದಕ್ಕೆ ತಿರುಗಿ ಸೂಜಿ ಇಳಿಸುತ್ತದೆ. ಅಫೈಟಿಸ್ ಎಂಬ ಹಳದಿ ಕಣಜ ಮೊಟ್ಟೆಯನ್ನು ಚಿಪ್ಪಿನ ಕೆಳಗೆ, ಹುಳದ ಮೈಯ ಹೊರಗೆ ಇಡುತ್ತದೆ. ಮರಿ ಹೊರಗಿನಿಂದಲೇ ಹೀರುತ್ತದೆ. ಎನ್‌ಕಾರ್ಸಿಯಾ, ಮೆಟಾಫೈಕಸ್, ಅನಾಗೈರಸ್ ಮುಂತಾದವು ಹುಳದ ಮೈಯೊಳಗೇ ಮೊಟ್ಟೆ ಇಡುತ್ತವೆ. ಒಳಗಿಟ್ಟ ಮರಿಗೆ ಉಸಿರಾಟ ಹೇಗೆ ಎಂದರೆ, ಮೆಟಾಫೈಕಸ್‌ನಂಥವುಗಳ ಮೊಟ್ಟೆಗೆ ಒಂದು ಸಣ್ಣ ತೊಟ್ಟಿರುತ್ತದೆ. ಅದು ಹುಳದ ಚರ್ಮದಿಂದ ಹೊರಗೆ ಚಾಚಿಕೊಂಡು ಗಾಳಿ ಎಳೆಯುತ್ತದೆ. ಸ್ಕುಟೆಲಿಸ್ಟಾ ಎಂಬ ನೀಲಿ ಮಿರುಗಿನ ಕಣಜದ ಮರಿಯಂತೂ ತಾಯಿ ಹುಳದ ಹೊಟ್ಟೆಯಡಿ ಕೂತು ಮೊಟ್ಟೆಗಳನ್ನೇ ಮೆಲ್ಲುತ್ತದೆ.

ಕನ್ನಡದಲ್ಲಿ ಕಣಜ ಎಂದರೆ ದವಸ ತುಂಬಿಡುವ ಕಣಜವೂ ಹೌದು. ಶಲ್ಕ ಕೀಟದ ಮೈ ಈ ಮರಿಗೆ ಅಂಥದ್ದೇ ಕಣಜ.

ಮೊಟ್ಟೆ ಇಡದೆಯೂ ಕೊಲ್ಲುವುದುಂಟು. ಅಫೈಟಿಸ್ ಹೆಣ್ಣು ಹುಳಕ್ಕೆ ಚುಚ್ಚಿ, ಒಸರಿದ ರಸವನ್ನು ಕುಡಿದು ಹೋಗುತ್ತದೆ. ತನ್ನ ಮೊಟ್ಟೆಗಳನ್ನು ಬಲಿಸಿಕೊಳ್ಳಲು ಅದಕ್ಕೆ ಆ ರಸ ಬೇಕು. ಆ ಹುಳ ಒಣಗಿ ಸಾಯುತ್ತದೆ, ಚಿಪ್ಪಿನಲ್ಲಿ ತೂತು ಇರುವುದಿಲ್ಲ. ಹಾಗಾಗಿ ತೂತುಗಳನ್ನಷ್ಟೇ ಎಣಿಸಿದರೆ ಕಣಜದ ಕೆಲಸ ಕಡಿಮೆಯಾಗಿಯೇ ಲೆಕ್ಕಕ್ಕೆ ಬರುತ್ತದೆ.

## ಗಿಡದ ಮೇಲೆ ಗುರುತಿಸುವುದು

ನಮ್ಮ ಗಿಡದಲ್ಲಿ ಕಣಜ ಕೆಲಸ ಮಾಡ್ತಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವೊಂದು ಸಾಕು. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಕೂಡ ಆಗುತ್ತದೆ. ಬೆಳಗಿನ ಬೆಳಕಿನಲ್ಲಿ, ಮುಟ್ಟದೆ, ಮೊದಲು ಹಾಗೇ ನೋಡಿ. ಮೊದಲ ಗುರುತು ಚಿಪ್ಪಿನ ಬೆನ್ನ ಮೇಲಿನ ತೂತು. ಸೂಜಿ ಮೊನೆಯಿಂದ ಕೊರೆದಂತೆ ಗುಂಡಗೆ, ಅಂಚು ನುಣ್ಣಗೆ ಇದ್ದರೆ ಕಣಜ ಬೆಳೆದು ಹೊರಬಿದ್ದಿದೆ ಎಂದರ್ಥ. ಚಿಪ್ಪು ಹರಿದು ಚಿಂದಿಯಾಗಿದ್ದರೆ ಅದು ಗುಲಗಂಜಿ ಹುಳುವಿನಂಥ ಪರಭಕ್ಷಕನ ಕೆಲಸ.

ಎರಡನೆಯದು ಬಣ್ಣ. ಹಿಟ್ಟು ತಿಗಣೆಯೊಳಗೆ ಕಣಜ ಬೆಳೆದಾಗ ಅದರ ಮೈ ಊದಿ, ಗಟ್ಟಿಯಾಗಿ, ಕಂದುಬಣ್ಣದ ಪುಟ್ಟ ಪೀಪಾಯಿಯಂತಾಗುತ್ತದೆ. ಇದನ್ನು ಮಮ್ಮಿ ಎನ್ನುತ್ತಾರೆ. ಪಕ್ಕದ ತಿಗಣೆಗಳು ಮುಟ್ಟಿದರೆ ಕದಲುತ್ತವೆ, ಇದು ಕದಲದು. ಮೆತ್ತನೆ ಚಿಪ್ಪಿನ ಹಸಿರು ಹುಳಗಳ ನಡುವೆ ಒಂದೆರಡು ಕಪ್ಪಗೋ ಕಂದಾಗೋ ತಿರುಗಿದ್ದರೆ ಅವುಗಳೊಳಗೂ ಕಣಜ ಇರಬಹುದು.

ಗಟ್ಟಿ ಚಿಪ್ಪಿನದಾದರೆ ಪಿನ್ನಿನಿಂದ ಮುಚ್ಚಳ ಎತ್ತಬೇಕು. ಕೆಳಗೆ ಹುಳದ ಬದಲು ಸಣ್ಣ ಹಳದಿ ಕೋಶ (ಮರಿ ಕಣಜವಾಗುವ ಮುಂಚಿನ ಹಂತ), ಅದರ ಇಕ್ಕೆಲದಲ್ಲಿ ಕಪ್ಪು ಕಂದು ಬಣ್ಣದ ಪುಟಾಣಿ ಉಂಡೆಗಳು ಕಂಡರೆ ಅದು ಅಫೈಟಿಸ್. ಆ ಉಂಡೆಗಳು ಮರಿ ಕೋಶವಾಗುವ ಮುನ್ನ ಒಮ್ಮೆಗೇ ಹಾಕಿದ ಹಿಕ್ಕೆ. ಕೋಶದಲ್ಲಿ ಕಣ್ಣಿನ ಬಣ್ಣ ಎದ್ದು ಕಾಣುತ್ತಿದ್ದರೆ ಇನ್ನು ಕೆಲವೇ ದಿನಕ್ಕೆ ಹೊರಬರುತ್ತದೆ. 27 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆಯಿಂದ ಪ್ರಾಯದ ಕಣಜವಾಗಲು ಇದಕ್ಕೆ ಸುಮಾರು ಎರಡು ವಾರ ಸಾಕು.

ಇಷ್ಟು ಕಣ್ಣಿಗೆ ಅಭ್ಯಾಸವಾದ ಮೇಲೆ ಎಣಿಸಿ. ಐದು ಕೊಂಬೆ ಆರಿಸಿ, ಒಂದೊಂದರಲ್ಲಿ ಇಪ್ಪತ್ತು ಹುಳ ನೋಡಿ, ಬದುಕಿದ್ದು ಎಷ್ಟು, ತೂತಾಗಿದ್ದು ಎಷ್ಟು, ಕೋಶವೋ ಮಮ್ಮಿಯೋ ಆಗಿರುವುದು ಎಷ್ಟು, ಸುಮ್ಮನೆ ಒಣಗಿದ್ದು ಎಷ್ಟು ಎಂದು ಬರೆದಿಡಿ. ಹಳೆಯ ಚಿಪ್ಪುಗಳು ತಿಂಗಳುಗಟ್ಟಲೆ ಉದುರದೆ ಅಂಟಿಕೊಂಡಿರುವುದರಿಂದ ಹಳೇ ಕಡ್ಡಿಯ ತೂತುಗಳು ಮೋಸ ಮಾಡುತ್ತವೆ. ಆದಷ್ಟೂ ಈ ವರ್ಷದ ಚಿಗುರು ಕಡ್ಡಿಯನ್ನೇ ಆರಿಸಿಕೊಳ್ಳಿ. ಎರಡು ವಾರ ಬಿಟ್ಟು ಅದೇ ಕೊಂಬೆಗಳಲ್ಲಿ ಮತ್ತೆ ಎಣಿಸಿ. ಒಂದು ದಿನದ ಸಂಖ್ಯೆಗಿಂತ ಅದು ಯಾವ ಕಡೆ ಸಾಗುತ್ತಿದೆ ಎಂಬುದೇ ಮುಖ್ಯ. ಕೋಶ, ಮಮ್ಮಿಗಳು ಹೆಚ್ಚುತ್ತಿದ್ದರೆ ಕೈಕಟ್ಟಿ ಕೂರುವುದೇ ಸರಿಯಾದ ಕೆಲಸ.

ಔಷಧಿ ಹೊಡೆದು ತಿಂಗಳಾಯ್ತು, ಹುರುಪೆ ಹಾಗೇ ಇದೆ. ಇನ್ನೊಂದ್ಸಲ ಹೊಡೀಲಾ?

ಮೊದಲು ಉಗುರಿನಿಂದ ಒಂದಿಪ್ಪತ್ತನ್ನು ಒತ್ತಿ ನೋಡಿ. ರಸ ಬಂದರೆ ಬದುಕಿದೆ. ಪುಡಿಯಾಗಿ ಉದುರಿದರೆ ಯಾವಾಗಲೋ ಸತ್ತಿದೆ. ಸತ್ತ ಶಲ್ಕ ಕೀಟ ತಾನಾಗಿ ಬೀಳುವುದಿಲ್ಲ, ಹಾಗಾಗಿ ಜನ ಹೆಣದ ಮೇಲೇ ಎರಡು ಮೂರು ಸಲ ವಿಷ ಸುರಿಯುತ್ತಾರೆ. ಆಗ ಸಾಯುವುದು ಉಳಿದಿದ್ದ ಕಣಜಗಳು ಮಾತ್ರ. ನೋಡಲು ಚೆನ್ನಾಗಿಲ್ಲ ಅನ್ನಿಸಿದರೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

ಬಾಟಲಿಯಲ್ಲಿಟ್ಟು ಕಣಜ ಹೊರಬರೋದನ್ನ ನೋಡಬಹುದಾ? ಮಗಳ ಶಾಲೆ ಪ್ರಾಜೆಕ್ಟಿಗೆ ಬೇಕಿತ್ತು.

ಖಂಡಿತ. ಅರ್ಧ ಲೀಟರಿನ ಅಗಲ ಬಾಯಿಯ ಗಾಜಿನ ಬಾಟಲಿ, ಮಲ್ಲು ಬಟ್ಟೆ, ರಬ್ಬರ್ ಬ್ಯಾಂಡ್, ಟಿಶ್ಯೂ ಪೇಪರ್ ಇದ್ದರಾಯಿತು. ಮಮ್ಮಿ ಅಥವಾ ಬಣ್ಣ ಬದಲಿಸಿದ ಹುಳಗಳು ಹೆಚ್ಚಿರುವ, ಎಂಟು ಹತ್ತು ಸೆಂಟಿಮೀಟರ್ ಉದ್ದದ ಕಡ್ಡಿ ಕತ್ತರಿಸಿಕೊಳ್ಳಿ. ಎಳೆಯ ಹುಳಗಳಷ್ಟೇ ಇರುವ ಕಡ್ಡಿ ಬೇಡ. ಕಡ್ಡಿ ಒಣಗಿದಂತೆ ಅವು ಸಾಯುತ್ತವೆ, ಒಳಗಿನ ಕಣಜವೂ ಸಾಯುತ್ತದೆ. ಇರುವೆ, ಗುಲಗಂಜಿ ಹುಳು, ಸಸ್ಯಹೇನು, ಮರಿಹುಳು ಇದ್ದರೆ ಬ್ರಷ್ಷಿನಿಂದ ತೆಗೆದುಹಾಕಿ. ಇಲ್ಲದಿದ್ದರೆ ಹೇನಿನಿಂದ ಬಂದ ಕಣಜವನ್ನು ಶಲ್ಕ ಕೀಟದ್ದೆಂದು ಬರೆದುಬಿಡುತ್ತೀರಿ. ತಳಕ್ಕೆ ಟಿಶ್ಯೂ ಹಾಸಿ, ಕಡ್ಡಿ ಇಟ್ಟು, ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿ. ಸೊಳ್ಳೆಪರದೆ ಬೇಡವೇ ಬೇಡ, ಅದರ ಕಣ್ಣಿಯಲ್ಲಿ ಇವು ಆರಾಮಾಗಿ ನುಸುಳುತ್ತವೆ. ಚೀಟಿಯಲ್ಲಿ ದಿನಾಂಕ, ಗಿಡ, ಜಾಗ ಬರೆದು ಅಂಟಿಸಿ.

ಬಿಸಿಲು ಬೀಳದ ಕಿಟಕಿ ಪಕ್ಕ ಇಟ್ಟು ದಿನಾ ಬೆಳಿಗ್ಗೆ ನೋಡಿ. ಕಣಜಗಳು ಬೆಳಕಿನತ್ತ ಹತ್ತುವುದರಿಂದ ಬಟ್ಟೆಯ ಒಳಬದಿಯಲ್ಲಿ ಸಿಗುತ್ತವೆ. ಮೂರು ನಾಲ್ಕು ವಾರ ಕಾಯಬೇಕು. ಜೇನುತುಪ್ಪ ಇಡುವುದಾದರೆ ಕೂದಲೆಳೆಯಷ್ಟು ಸವರಿ. ಹನಿಯಾಗಿ ಇಟ್ಟರೆ ಅದರಲ್ಲೇ ಮುಳುಗುತ್ತವೆ. ಹೆಚ್ಚಿನ ಬಾಟಲಿಗಳು ಕೆಡುವುದು ತೇವದಿಂದ. ಗಾಜಿನ ಒಳಗೆ ಬೆವರು ಕಂಡ ಕೂಡಲೇ ಟಿಶ್ಯೂ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ನೋಡಿ ಮುಗಿದ ಮೇಲೆ ಸಂಜೆ ಹೊತ್ತು ಅದೇ ಗಿಡದ ಬುಡದಲ್ಲಿ ಬಾಯಿ ಬಿಚ್ಚಿಡಿ.

## ತೋಟದಲ್ಲಿ ಉಳಿಸಿಕೊಳ್ಳುವುದು

ಗಿಡದ ತುಂಬ ಇರುವೆ. ಅದು ಹುಳ ತಿನ್ನುತ್ತಲ್ಲ, ಒಳ್ಳೇದೇ ಅಲ್ವಾ?

ಇಲ್ಲಿ ಇರುವೆ ತಿನ್ನಲು ಬಂದಿಲ್ಲ, ಕಾಯಲು ಬಂದಿದೆ. ಶಲ್ಕ ಕೀಟ, ಹಿಟ್ಟು ತಿಗಣೆಗಳ ಸಿಹಿ ಅಂಟಿಗಾಗಿ ದನ ಕಾದಂತೆ ಕಾಯುತ್ತದೆ. ಮೊಟ್ಟೆ ಇಡಲು ಕಣಜಕ್ಕೆ ಹುಳದ ಮೇಲೆ ಒಂದಿಷ್ಟು ಹೊತ್ತು ನಿಲ್ಲಬೇಕು, ಇರುವೆ ಅದಕ್ಕೆ ಬಿಡುವುದಿಲ್ಲ. ಇರುವೆ ತಡೆದರೆ ಅರ್ಧ ಕೆಲಸ ಮುಗಿದ ಹಾಗೆ ಎಂದು ನಾವು ಹೇಳುವುದು ಇದಕ್ಕೇ.

ನೆಲದ ಮೇಲಿನ ಗಿಡವಾದರೆ ಕಾಂಡಕ್ಕೆ ನಾಲ್ಕು ಬೆರಳಗಲ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸ್ ಬಳಿಯಿರಿ. ಗ್ರೀಸನ್ನು ನೇರ ತೊಗಟೆಗೆ ಬಳಿದರೆ ತೊಗಟೆ ಸುಡುತ್ತದೆ. ಪಟ್ಟಿಯ ಕೆಳಗೆ ಸಂದಿಯಿದ್ದರೆ ಇರುವೆ ಅಲ್ಲೇ ನುಸುಳುತ್ತದೆ, ಸಂದಿಗೆ ಹತ್ತಿ ತುರುಕಿ. ಕುಂಡವಾದರೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ಸೊಳ್ಳೆಯಾಗದಂತೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ. ಇಷ್ಟೆಲ್ಲ ಮಾಡಿಯೂ ಇರುವೆ ಬರುತ್ತಿದ್ದರೆ ಯಾವುದೋ ಒಂದು ಕೊಂಬೆ ಗೋಡೆಗೋ ಬಟ್ಟೆ ಒಣಹಾಕುವ ತಂತಿಗೋ ತಾಗಿರುತ್ತದೆ. ಅದನ್ನು ಕತ್ತರಿಸಿ.

ಏನೂ ಹೊಡೀಬಾರದಾ? ಎಲೆ ಎಲ್ಲ ಕಪ್ಪಾಗ್ತಿದೆ.

ಹೊಡೆಯಬಹುದು, ಆಯ್ದು ಹೊಡೆಯಬೇಕು. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ಬೆರೆಯಲು ಬೇಕಾದಷ್ಟು ಸೋಪು. ಮೊದಲು ಸೋಪನ್ನು ಎಣ್ಣೆಯಲ್ಲಿ ಕದಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ. ಉಲ್ಟಾ ಮಾಡಿದರೆ ಎಣ್ಣೆ ಮೇಲೆ ತೇಲಿ, ಕೊನೆಯ ಸಿಂಪರಣೆಯಲ್ಲಿ ಬರೀ ಎಣ್ಣೆ ಬಂದು ಎಲೆ ಸುಡುತ್ತದೆ. ಹತ್ತು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ. ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಹಗಲು ಹೊಡೆಯಬೇಡಿ, ಸಂಜೆಯೇ ಸರಿ.

ಇದು ಕೊಲ್ಲುವುದು ಮುಖ್ಯವಾಗಿ ತೆವಳುವ ಮರಿಗಳನ್ನು. ಬಲಿತ ಚಿಪ್ಪಿಗೆ ಅಷ್ಟಾಗಿ ತಾಗದು. ಮರಿ ಎದ್ದಿದೆಯೇ ಎಂದು ತಿಳಿಯಲು ಕಡ್ಡಿಗೆ ಎರಡೂ ಬದಿ ಅಂಟಿರುವ ಟೇಪ್ ಸುತ್ತಿಡಿ. ಹಳದಿ ಚುಕ್ಕೆಗಳಂತೆ ಮರಿಗಳು ಅಂಟಿಕೊಂಡ ವಾರವೇ ಸಿಂಪರಣೆಯ ವಾರ. ಹಾರಾಡುವ ಕಣಜಕ್ಕೆ ನೇರ ತಾಗಿದರೆ ಅದೂ ಸಾಯುತ್ತದೆ. ಆದರೆ ಒಣಗಿದ ಮೇಲೆ ಹೆಚ್ಚು ವಿಷ ಉಳಿಯುವುದಿಲ್ಲ. ಒಂದೆರಡು ಕೊಂಬೆಗೆ ಹೊಡೆಯದೆ ಬಿಡಿ, ಕಣಜ ಅಲ್ಲಿಂದ ಮತ್ತೆ ಹರಡುತ್ತದೆ.

ಬುಡಕ್ಕೆ ಸುರಿಯುವ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ಕಣಜಕ್ಕೆ ತಾಗುವುದಿಲ್ಲ ಎಂದು ಅಂಗಡಿಯವರು ಹೇಳಬಹುದು. ಅದು ತಪ್ಪು. ಈ ಗುಂಪಿನ ವಿಷ ಗಿಡದ ರಸಕ್ಕೆ ಸೇರಿ, ಹಿಟ್ಟು ತಿಗಣೆ ಸುರಿಸುವ ಸಿಹಿ ಅಂಟಿಗೂ ಬರುತ್ತದೆ, ಅದನ್ನು ನೆಕ್ಕಿದ ಕಣಜ ಸಾಯುತ್ತದೆ. 2019ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಇದು ಕಿತ್ತಳೆ ಜಾತಿಯ ಗಿಡಗಳ ಮೇಲೆ ಸಾಬೀತಾಗಿದೆ.

ಬೀದೀಲಿ ಸೊಳ್ಳೆಗೆ ಫಾಗಿಂಗ್ ಮಾಡ್ತಾರೆ, ಮೆಟ್ರೋ ಕೆಲಸದ ಧೂಳು ಬೇರೆ. ಇದಕ್ಕೂ ಹುಳಕ್ಕೂ ಸಂಬಂಧ ಇದೆಯಾ?

ಎರಡಕ್ಕೂ ಇದೆ. ಧೂಳು ಕೂತ ಎಲೆಯ ಮೇಲೆ ಅಫೈಟಿಸ್‌ನಂಥ ಕಣಜಗಳು ಮೈ ಒರೆಸಿಕೊಳ್ಳುವುದರಲ್ಲೇ ಹೊತ್ತು ಕಳೆಯುತ್ತವೆ, ಬೇಗ ಸಾಯುತ್ತವೆ. ಚಿಪ್ಪಿನಡಿಯ ಹುಳಕ್ಕೆ ಧೂಳಿನಿಂದ ಏನೂ ಆಗದು. ರಸ್ತೆ ಬದಿಯ ನಿಂಬೆಗಿಡದಲ್ಲಿ ರಸ್ತೆಯ ಕಡೆಯ ಕೊಂಬೆಗಳಲ್ಲೇ ಹುಳ ಹೆಚ್ಚಿದ್ದರೆ ಕಾರಣ ಇದಿರಬಹುದು. ಫೆಬ್ರವರಿಯಿಂದ ಮುಂಗಾರಿನ ತನಕ ವಾರಕ್ಕೊಮ್ಮೆ ಬೆಳಿಗ್ಗೆ ಪೈಪಿನಿಂದ ಎಲೆ ತೊಳೆಯಿರಿ.

ಫಾಗಿಂಗ್ ವಿಚಾರಕ್ಕೆ ಪಾಠದಂಥ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋದಲ್ಲಿ ಸೊಳ್ಳೆಗೆಂದು ಮಲಾಥಿಯಾನ್ ಹೊಗೆ ಬಿಡುತ್ತಿದ್ದ ಬೀದಿಗಳ ಪೈನ್ ಮರಗಳಲ್ಲಿ ಶಲ್ಕ ಕೀಟ ವಿಪರೀತವಾಯಿತು. ಹೊಗೆ ನಿಲ್ಲಿಸಿದ ಮೇಲೆ ಕಣಜಗಳು ಮರಳಿ ಬಂದು ಅದನ್ನು ಇಳಿಸಿದವು. ಹೊಗೆ ಗಾಡಿ ಬರುವ ದಿನ ಗೊತ್ತಿದ್ದರೆ ಕುಂಡಗಳನ್ನು ಒಳಗೆ ಸರಿಸಿ, ಇಲ್ಲವೇ ಬಟ್ಟೆ ಹೊದಿಸಿ.

ಟ್ರೈಕೋಗ್ರಾಮಾ ಕಾರ್ಡ್ ತಂದು ಕಟ್ಟಿದರೆ ಆಗುತ್ತಾ?

ಆಗದು. ಕಾರ್ಡಿಗೆ ಅಂಟಿಸಿದ ಮೊಟ್ಟೆಗಳಿಂದ ಹೊರಬರುವ ಟ್ರೈಕೋಗ್ರಾಮಾ ಕೂಡ ಪುಟ್ಟ ಕಣಜವೇ, ಆದರೆ ಮುಖ್ಯವಾಗಿ ಪತಂಗಗಳ ಮೊಟ್ಟೆಗೆ ಬೀಳುವಂಥದ್ದು. ಶಲ್ಕ ಕೀಟದ ತಂಟೆಗೇ ಹೋಗುವುದಿಲ್ಲ.

ಹಾಗಾದ್ರೆ ಬೇಕಾದ ಕಣಜ ಎಲ್ಲಿಂದ ತರೋದು?

ತಾರಸಿ ತೋಟಕ್ಕೆ ತರುವುದೇ ಬೇಡ. ಈ ಊರಿನ ಹವೆಯಲ್ಲಿ ವರ್ಷವಿಡೀ ಅವುಗಳ ಸಂತತಿ ನಡೆಯುತ್ತದೆ, ತಾವಾಗೇ ಬರುತ್ತವೆ. ನೀವು ಮಾಡಬೇಕಾದ್ದು ಊಟದ ವ್ಯವಸ್ಥೆ. ಏನೂ ಸಿಗದ ಕಣಜ ಕೆಲವೇ ದಿನ ಬದುಕುತ್ತದೆ, ಸಿಹಿ ಸಿಕ್ಕಿದರೆ ವಾರಗಟ್ಟಲೆ. ಒಂದೆರಡು ಕುಂಡದ ಸಬ್ಬಸಿಗೆ, ಕೊತ್ತಂಬರಿಯನ್ನು ಕೀಳದೆ ಹೂಬಿಡಲು ಬಿಡಿ. ಅವುಗಳ ಹೂವು ತೆರೆದ ಬಟ್ಟಲಿನಂತಿದ್ದು ಈ ಗಿಡ್ಡ ಬಾಯಿಗೂ ಮಕರಂದ ಎಟಕುತ್ತದೆ. ಕತ್ತರಿಸಿದ ಕೊಂಬೆಗಳನ್ನು ಸುಡಬೇಡಿ, ಕಸಕ್ಕೂ ಹಾಕಬೇಡಿ. ಗಿಡದಿಂದ ಸ್ವಲ್ಪ ದೂರ ಬುಟ್ಟಿಯಲ್ಲಿ ಎರಡು ವಾರ ಇಟ್ಟರೆ ಹುಳ ಒಣಗಿ ಸಾಯುತ್ತದೆ, ಬಲಿತ ಕೋಶದ ಕಣಜ ಹಾರಿಹೋಗುತ್ತದೆ.

ಬಿಳಿ ಎಳೆ ಎಳೆ ಇರೋ ದಪ್ಪ ಹುಳ ಹಿಟ್ಟು ತಿಗಣೆ ಮಧ್ಯೆ ಓಡಾಡ್ತಿದೆ. ಸಾಯಿಸಿದೆ. ಸರಿ ತಾನೆ?

ಬಹುಶಃ ಮಿತ್ರನನ್ನೇ ಸಾಯಿಸಿದ್ದೀರಿ. ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ ಥೇಟ್ ಹಿಟ್ಟು ತಿಗಣೆಯಂತೇ ಬಿಳಿ ಮೇಣ ಹೊದ್ದಿರುತ್ತದೆ. ದೊಡ್ಡದು, ಚುರುಕಾಗಿ ನಡೆಯುತ್ತದೆ, ಎಳೆಗಳು ಉದ್ದ. ಆಸ್ಟ್ರೇಲಿಯಾದ ಈ ಹುಳು ನಮ್ಮ ದೇಶಕ್ಕೆ ಬಂದದ್ದು 1898ರಲ್ಲಿ.

ಪರಂಗಿ ಗಿಡದ ಬಿಳಿ ತಿಗಣೆ ಮೊದಲು ವಿಪರೀತ ಇತ್ತು, ಈಗ ಅಷ್ಟಿಲ್ಲ. ಯಾಕೆ?

ಅದರ ಹಿಂದೆ ಬೆಂಗಳೂರಿನ ಕೆಲಸವೇ ಇದೆ. ಮೆಕ್ಸಿಕೋ ಮೂಲದ ಪರಂಗಿ ಹಿಟ್ಟು ತಿಗಣೆ ಭಾರತದಲ್ಲಿ ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅದರ ಸಹಜ ಶತ್ರುಗಳು ಜೊತೆಗೆ ಬಂದಿರಲಿಲ್ಲ. ಪರಂಗಿ, ಹಿಪ್ಪುನೇರಳೆ, ಮರಗೆಣಸು ಎಲ್ಲಕ್ಕೂ ಹಬ್ಬಿತು, ಎಷ್ಟು ವಿಷ ಹೊಡೆದರೂ ಬಗ್ಗಲಿಲ್ಲ. 2010ರಲ್ಲಿ ಹೆಬ್ಬಾಳದ ಕೀಟ ಸಂಸ್ಥೆ ಪೋರ್ಟೊರಿಕೋದಿಂದ ಅಸಿರೊಫೇಗಸ್ ಪಪಾಯೆ ಸೇರಿ ಮೂರು ಜಾತಿಯ ಕಣಜ ತರಿಸಿ, ಪರೀಕ್ಷಿಸಿ, ಬೆಳೆಸಿ ಹಂಚಿತು. ಆ ಸಂಸ್ಥೆಗೆ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂಬ ಹೆಸರು. ಒಂದು ಮಿಲಿಮೀಟರ್ ಕೂಡ ಇಲ್ಲದ ಅಸಿರೊಫೇಗಸ್ ತಿಗಣೆಯನ್ನು ಎಳೆಯ ಹಂತದಲ್ಲೇ ಹಿಡಿಯುತ್ತದೆ. ಅದೇ ಅದರ ಬಲ.

ಇದು ಇಲ್ಲಿ ಮೊದಲನೆಯದೇನಲ್ಲ. ನಿಂಬೆ, ಕಿತ್ತಳೆಗಳ ಹಿಟ್ಟು ತಿಗಣೆಗೆಂದು ಲೆಪ್ಟೊಮಾಸ್ಟಿಕ್ಸ್ ಡ್ಯಾಕ್ಟಿಲೋಪೈ 1983ರಲ್ಲಿ ಟ್ರಿನಿಡಾಡ್‌ನಿಂದ ಬೆಂಗಳೂರಿಗೆ ಬಂದಿತ್ತು. ಕೊಟ್ಟದ್ದೂ ಉಂಟು. ಕ್ಯಾಲಿಫೋರ್ನಿಯಾದ ನಿಂಬೆ, ಕಿತ್ತಳೆ ತೋಟಗಳನ್ನು ಕೆಂಪು ಶಲ್ಕ ಕೀಟದಿಂದ ಕಾಯುತ್ತಿರುವ ಅಫೈಟಿಸ್ ಮೆಲಿನಸ್ 1950ರ ದಶಕದಲ್ಲಿ ಭಾರತ, ಪಾಕಿಸ್ತಾನಗಳಿಂದ ಹೋದದ್ದು.

## ಇನ್ನಷ್ಟು ಆಳಕ್ಕೆ

ಬಾಟಲಿಯಲ್ಲಿ ಎರಡು ಮೂರು ಥರದ ಕಣಜ ಬಂದಿವೆ. ಎಲ್ಲವೂ ಒಳ್ಳೆಯವೇನಾ?

ಅಲ್ಲ. ಕಣಜದ ಮರಿಯ ಮೇಲೇ ಬದುಕುವ ಕಣಜಗಳಿವೆ. ರೆಕ್ಕೆಯ ಮೇಲೆ ಚಿರತೆಯಂತೆ ಚಿತ್ತಾರವಿರುವ ಮರಿಯೆಟ್ಟಾ ಕಂಡರೆ ಅದು ಶಲ್ಕ ಕೀಟವನ್ನಲ್ಲ, ಅದರೊಳಗಿನ ಕಣಜವನ್ನು ತಿಂದು ಬಂದದ್ದು. ಹಿಟ್ಟು ತಿಗಣೆಯ ಮಮ್ಮಿಗಳಿಂದ ಬರುವ ಕಪ್ಪು ಚಾರ್ಟೊಸೆರಸ್ ಕೂಡ ಹಾಗೇ. ಹೊರದೇಶದಿಂದ ಕಣಜ ತರಿಸಿದಾಗ ಕಾವಲಿನಲ್ಲಿಟ್ಟು ತಲೆಮಾರುಗಟ್ಟಲೆ ಬೆಳೆಸಿ ನೋಡುವುದು ಇಂಥವು ನುಸುಳದಿರಲಿ ಎಂದೇ.

ಕಾಕೊಫೇಗಸ್ ಕಣಜದಲ್ಲಿ ಗಂಡು ತನ್ನ ಜಾತಿಯ ಹೆಣ್ಣನ್ನೇ ತಿಂದು ಹುಟ್ಟುತ್ತೆ ಅಂತಾರೆ, ನಿಜವಾ?

ನಿಜ. ಕಣಜಗಳಲ್ಲಿ ಸಾಮಾನ್ಯವಾಗಿ ಗಂಡು ಸೇರಿ ಫಲಿತವಾದ ಮೊಟ್ಟೆ ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡು. ಕಾಕೊಫೇಗಸ್, ಎನ್‌ಕಾರ್ಸಿಯಾಗಳ ಎಷ್ಟೋ ಜಾತಿಗಳಲ್ಲಿ ಹೆಣ್ಣಾಗುವ ಮೊಟ್ಟೆಯನ್ನು ಶಲ್ಕ ಕೀಟದೊಳಗೆ ಇಡುತ್ತವೆ. ಗಂಡಾಗುವ ಮೊಟ್ಟೆಗೆ ಮಾತ್ರ ಅದೇ ಹುಳದೊಳಗೆ ಮೊದಲೇ ಬೆಳೆಯುತ್ತಿರುವ ಕಣಜದ ಮರಿ ಬೇಕು. ಅದು ಬೇರೆ ಜಾತಿಯದಾಗಬಹುದು, ತನ್ನ ಜಾತಿಯ ಹೆಣ್ಣೇ ಆಗಬಹುದು. ಸಾಕುವವರು ಇದನ್ನು ತಿಳಿಯದೆ ಒಮ್ಮೆಗೇ ಕಣಜ ಬಿಟ್ಟು ತೆಗೆದುಬಿಟ್ಟರೆ ಮುಂದಿನ ತಲೆಮಾರಿನಲ್ಲಿ ಗಂಡುಗಳೇ ಇರುವುದಿಲ್ಲ. ಎಂಟು ಹತ್ತು ದಿನ ಬಿಟ್ಟು ಮತ್ತೊಮ್ಮೆ ಹೆಣ್ಣುಗಳನ್ನು ಬಿಡಬೇಕು.

ಮೈಕ್ರೋಸ್ಕೋಪ್ ಇದೆ. ಯಾವ ಕುಟುಂಬ ಅಂತ ಹೇಗೆ ಹೇಳೋದು?

ಶಲ್ಕ ಕೀಟಗಳಿಂದ ಬರುವುದರಲ್ಲಿ ಹೆಚ್ಚಿನವು ಎರಡು ಕುಟುಂಬದವು. ಮುಟ್ಟಿದರೆ ಚಂಗನೆ ನೆಗೆಯುತ್ತದೆ, ಎದೆಯ ಪಕ್ಕದ ಭಾಗ ಉಬ್ಬಿ ಒಂದೇ ಫಲಕದಂತಿದೆ ಎಂದರೆ ಎನ್‌ಸಿರ್ಟಿಡೇ. ಮೈ ಮೆತ್ತಗೆ, ಹಳದಿಯೋ ಕಪ್ಪೋ, ಸೊಂಟವೇ ಇಲ್ಲದಂತೆ ಎದೆಗೆ ಹೊಟ್ಟೆ ಅಗಲವಾಗಿ ಕೂಡಿದೆ, ಮೀಸೆಯಲ್ಲಿ ಎಂಟಕ್ಕಿಂತ ಹೆಚ್ಚು ಗೆಣ್ಣಿಲ್ಲ ಎಂದರೆ ಎಫೆಲಿನಿಡೇ. ಜಾತಿಯ ಮಟ್ಟಕ್ಕೆ ಹೋಗಲು ಸ್ಲೈಡ್ ಮಾಡಲೇಬೇಕು.

ತಜ್ಞರಿಗೆ ಕಳಿಸುವುದಾದರೆ 95 ಶೇಕಡಾ ಆಲ್ಕೋಹಾಲಿನಲ್ಲಿ, ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಶೀಶೆಯ ಒಳಗೇ ಹಾಕಿ ಇಡಿ. ಪೆನ್ನಿನ ಶಾಯಿ ಕರಗಿಹೋಗುತ್ತದೆ. ಅದೇ ಕಡ್ಡಿಯ ಶಲ್ಕ ಕೀಟಗಳನ್ನೂ ಇನ್ನೊಂದು ಶೀಶೆಯಲ್ಲಿಡಿ. ಯಾವ ಹುಳದಿಂದ ಬಂತೆಂದು ಗೊತ್ತಿಲ್ಲದ ಕಣಜದ ಮಾದರಿಗೆ ಅರ್ಧ ಬೆಲೆಯೂ ಇಲ್ಲ.

ಶಲ್ಕ ಕೀಟಕ್ಕೆ ಕಣಜ ಬೀಳೋದು ಯಾವಾಗಲೂ ನಮಗೆ ಲಾಭವೇನಾ?

ಅರಗು ಬೆಳೆಯುವವರನ್ನು ಕೇಳಿದರೆ ಅಲ್ಲ ಎನ್ನುತ್ತಾರೆ. ಅರಗಿನ ಹುಳುವೂ ಶಲ್ಕ ಕೀಟಗಳ ಬಳಗದ್ದೇ. ಹಳೇ ಮೈಸೂರು ಸೀಮೆಯಲ್ಲಿ ಅದನ್ನು ಜಾಲಾರಿ ಮರದ ಮೇಲೆ ಬೆಳೆಯುತ್ತಿದ್ದರು. ಮತದಾನದ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು. ಈ ಹುಳುವಿಗೆ ಟ್ಯಾಕಾರ್ಡಿಫೇಗಸ್, ಅಪ್ರೊಸ್ಟೊಸೀಟಸ್ ಎಂಬ ಕಣಜಗಳ ಕಾಟ. ಅಲ್ಲಿ ಬೀಜದ ಅರಗಿನ ಕಡ್ಡಿಗಳನ್ನು, ಅಂದರೆ ಹೊಸ ಮರಕ್ಕೆ ಹಬ್ಬಿಸಲು ಇಟ್ಟ ತಾಯಿ ಹುಳುಗಳಿರುವ ಕಡ್ಡಿಗಳನ್ನು, 60 ಮೆಶ್‌ನ (ಅಂಗುಲಕ್ಕೆ 60 ಕಣ್ಣಿಯ) ನೈಲಾನ್ ಚೀಲದಲ್ಲಿ ತುಂಬಿ ಮರಕ್ಕೆ ಕಟ್ಟುತ್ತಾರೆ. ತೆವಳುವ ಅರಗಿನ ಮರಿಗಳು ಚೀಲದ ಕಣ್ಣಿಯಿಂದ ಹೊರಬಂದು ಕೊಂಬೆ ಸೇರುತ್ತವೆ, ಶತ್ರುಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ಮರಿಗಳೆಲ್ಲ ಹೊರಬಂದ ಮೇಲೆ, ಮೂರು ವಾರದೊಳಗೆ, ಚೀಲ ಬಿಚ್ಚಿ ಕಡ್ಡಿಗಳನ್ನು ಮರದಿಂದ ಇಳಿಸಿ ಅರಗು ಕೆರೆದುಕೊಳ್ಳಬೇಕು.